ಗುಳೆ ಎಂಬ ಮಾತು, ಮಹಾಪೂರವೆಂಬ ರೂಪಕ



ಹವಾಮಾನದ ವೈಪರೀತ್ಯದಿಂದ ಊರು ತೊರೆಯುವವರನ್ನು ಕುರಿತು ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ಈಚಿನ ವರ್ಷಗಳಲ್ಲಿ ಬಹಳಷ್ಟು ಹೇಳುತ್ತಿವೆ. ಹೇಳುತ್ತಿರುವುದು ಒಳ್ಳೆಯದೇ. ಆದರೆ ಹೇಳುವ ಮಾತು ಎಂಥದು ಎಂಬುದು ಭಾಷೆಯ ವಿದ್ಯಾರ್ಥಿಯ ಗಮನಕ್ಕೆ ಬೀಳದೆ ಇರದು. ವಲಸಿಗರ ಮಹಾಪೂರ, ಅಲೆಅಲೆಯಾಗಿ ನುಗ್ಗುವ ಜನ, ಇವು ಶೀರ್ಷಿಕೆಗಳಿಗೆ ಪ್ರಿಯವಾದ ರೂಪಕಗಳು. ನೆರೆಯಲ್ಲಿ ಮನೆ ಕಳೆದುಕೊಂಡವನನ್ನೇ ನೆರೆಯೆಂದು ಕರೆಯುವುದು ವಿಚಿತ್ರವಾದ ಅಲಂಕಾರ! ನೆರೆಗೆ ಕಟ್ಟೆ ಹಾಕುತ್ತೇವೆ. ಅದರ ಯೋಗಕ್ಷೇಮ ವಿಚಾರಿಸುವವರುಂಟೆ?

ರೂಪಕದಂತೆಯೇ ಅಂಕಿಯೂ ದಾರಿ ತಪ್ಪಿಸಬಲ್ಲದು. 2050ರ ವೇಳೆಗೆ ಜಗತ್ತಿನ ಆರು ಪ್ರದೇಶಗಳಲ್ಲಿ 21.6 ಕೋಟಿಯವರೆಗೆ ಜನ ತಂತಮ್ಮ ದೇಶಗಳ ಒಳಗೇ ನೆಲೆ ಬದಲಿಸಬೇಕಾದೀತು, ತ್ವರಿತ ಕ್ರಮ ಕೈಗೊಂಡರೆ ಆ ಸಂಖ್ಯೆ ಶೇಕಡ 80ರಷ್ಟು ತಗ್ಗಲೂಬಹುದು ಎಂಬುದು ವಿಶ್ವಬ್ಯಾಂಕಿನ 2021ರ ವರದಿಯೊಂದರ ಸಾರ. ಸುದ್ದಿಯಾಗಿ ನೆನಪಿನಲ್ಲಿ ಉಳಿಯುವುದು 21.6 ಕೋಟಿ ಮಾತ್ರ. ಒಳಗೇ ಎಂಬ ಅವಧಾರಣೆಯೂ ಆದೀತು ಎಂಬ ಸಂಭಾವನಾರ್ಥವೂ ಬಿದ್ದುಹೋದರೆ ಹೋದದ್ದು ಬರಿಯ ವ್ಯಾಕರಣವಲ್ಲ. ಗಡಿ ದಾಟಿ ಬರುವವರ ಭಯ ಹುಟ್ಟುವುದು ಆ ತೆರವಿನಲ್ಲಿಯೇ.

ದೇಶದ ಒಳಗೇ ನಡೆಯುವ ಇಂಥ ವಲಸೆಗೆ ನಮ್ಮ ಬಯಲುಸೀಮೆಯಲ್ಲಿ ಹಳೆಯ ಮಾತೊಂದಿದೆ: ಗುಳೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ ಈ ಮಾತು ಮತ್ತೆ ಪತ್ರಿಕೆಗಳಲ್ಲಿ ಮೊಳಗಿತು. ಜೊತೆಗೆ ಎಂದಿನ ಚಿತ್ರ: ಬಸ್ ನಿಲ್ದಾಣದ ಗಂಟುಮೂಟೆ, ಬೀಗ ಬಿದ್ದ ಬಾಗಿಲು. ಚಿತ್ರ ಸುಳ್ಳಲ್ಲ, ಅಪೂರ್ಣ. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬೆಂಗಳೂರು, ಮುಂಬಯಿ, ಹೈದರಾಬಾದುಗಳಿಗೆ ಹೊರಡುವವರಲ್ಲಿ ಮಳೆಯಾದ ವರ್ಷವೂ ಸುಗ್ಗಿ ಮುಗಿಸಿ ಹೊರಡುವವರಿದ್ದಾರೆ. ಮೇಸ್ತ್ರಿಯಿಂದ ಪಡೆದ ಮುಂಗಡವನ್ನು ದುಡಿದು ತೀರಿಸಬೇಕಾದವರಿದ್ದಾರೆ. ಮುಂಗಾರಿನ ಬಿತ್ತನೆಗೆ ಮರಳುವವರಿದ್ದಾರೆ. ಬರ ಅವರ ಕಷ್ಟವನ್ನು ಹೆಚ್ಚಿಸುತ್ತದೆ, ನಿಜ. ಆದರೆ ಬರವೊಂದನ್ನೇ ಕಾರಣವಾಗಿಸಿದರೆ ವಾಕ್ಯಕ್ಕೆ ಆಕಾಶವೇ ಕರ್ತೃವಾಗುತ್ತದೆ. ಸಾಲ, ಕೂಲಿ, ನೀರಾವರಿಗಳ ಹೊಣೆ ಹೊತ್ತವರು ವಾಕ್ಯದಿಂದ ನುಸುಳಿಕೊಳ್ಳುತ್ತಾರೆ.

ಚಿತ್ರಕ್ಕೆ ಸಿಗದ ಇನ್ನೊಂದು ವರ್ಗವುಂಟು: ಹೊರಡಲಾರದವರು. ಹೊರಡುವುದಕ್ಕೂ ಹಣ ಬೇಕು, ಕಸುವು ಬೇಕು. ಅವಿಲ್ಲದ ಬಡವರು ಅಪಾಯದ ನೆಲೆಯಲ್ಲಿಯೇ ಸಿಕ್ಕಿಕೊಳ್ಳುತ್ತಾರೆಂದು ಬ್ರಿಟಿಷ್ ಸರ್ಕಾರಕ್ಕಾಗಿ ಸಿದ್ಧವಾದ 2011ರ ಅಧ್ಯಯನವೊಂದು ಎಚ್ಚರಿಸಿತ್ತು. ನಮ್ಮ ಹಳ್ಳಿಗಳಲ್ಲಿ ಹಿಂದುಳಿಯುವವರು ಹಲವು ವೇಳೆ ವೃದ್ಧರು, ಅವರ ಮಡಿಲಿಗೆ ಬಿಟ್ಟುಹೋದ ಮೊಮ್ಮಕ್ಕಳು. ಊರಿಗೆ ಊರೇ ಖಾಲಿ ಎಂಬ ಶೀರ್ಷಿಕೆ ಅವರನ್ನು ಇಲ್ಲವೆಂದೇ ಎಣಿಸುತ್ತದೆ. ಖಾಲಿಯಾದ ಊರಿಗೆ ಪಡಿತರವೇಕೆ, ಶಾಲೆಯ ಬಿಸಿಯೂಟವೇಕೆ ಎಂದು ಯಾರಾದರೂ ಕೇಳಿದರೆ ಆ ಶೀರ್ಷಿಕೆ ಏನು ಉತ್ತರ ಕೊಟ್ಟೀತು?

ಪತ್ರಿಕೆಗಳು ಕಣ್ಣೀರಿನ ಚಿತ್ರವನ್ನು ಕೈಬಿಡಲಿ ಎಂಬುದು ನನ್ನ ಅಭಿಪ್ರಾಯವಲ್ಲ. ಸಂಕಟವನ್ನು ತೋರಿಸುವುದು ಅವುಗಳ ಧರ್ಮವೇ ಸರಿ. ಆದರೆ ಬಸ್ಸು ಹತ್ತಿದವನ ಬೆನ್ನಿನ ಚಿತ್ರದೊಂದಿಗೆ ಅವನ ಬಾಯಿಯ ಮಾತೂ ಅಚ್ಚಾಗಲಿ: ಎಷ್ಟು ಕೂಲಿಗೆ ಹೊರಟ, ಯಾರನ್ನು ಬಿಟ್ಟು ಹೊರಟ, ಹಿಂದಿರುಗಬೇಕಾದರೆ ಊರಿನಲ್ಲಿ ಏನಿರಬೇಕು? ಇಷ್ಟು ಕೇಳಿ ಬರೆದ ವರದಿಯಲ್ಲಿ ಮಹಾಪೂರದ ಮಾತಿಗೆ ಎಡೆಯಿರದು. ಅಲ್ಲಿ ಕಾಣುವವನು ಊರುಳ್ಳ, ಹೆಸರುಳ್ಳ ಮನುಷ್ಯ.