ದಂಡೆಯ ಕಡೆಗೆ ಕತ್ತಲಿರಲಿ
(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಇಂಜಿನಿಯರ್ ಆದವನು ಕಂಪ್ಯೂಟರ್ ಬಗ್ಗೆ ಮಾತಾಡಲಿ ಎಂದು ಕರೆದಿದ್ದೀರಿ. ಆದರೆ ಈ ಮಹೋತ್ಸವದ ನೆನಪಿಗೆ ನಮ್ಮ ಸಂಘ ಕಡಲತೀರದ ರಸ್ತೆಗೆ ಹೈಮಾಸ್ಟ್ ದೀಪ ಕೊಡಲಿದೆ. ಚಂದಾ ನಾನೂ ಕೊಟ್ಟಿದ್ದೇನೆ. ಹಾಗಾಗಿ ಆ ದೀಪದ ಬಗ್ಗೆಯೇ ನಾಲ್ಕು ಮಾತು.

ಚಳಿಗಾಲ ಬಂತೆಂದರೆ ನಮ್ಮ ದಂಡೆಗೆ ಕಡಲಾಮೆ ಮೊಟ್ಟೆ ಇಡಲು ಬರುವುದು ನಿಮಗೆಲ್ಲ ಗೊತ್ತು. ಆಲಿವ್ ರಿಡ್ಲೆ ಜಾತಿಯವು. ಒಡಿಶಾದ ಗಹಿರ್‌ಮಠ, ಋಷಿಕುಲ್ಯಾಗಳಲ್ಲಿ ಲಕ್ಷಗಟ್ಟಲೆ ಒಟ್ಟಿಗೆ ದಡ ಹತ್ತುತ್ತವೆ. ನಮ್ಮಲ್ಲಿ ಒಂಟಿಯಾಗಿ ಬಂದು ಸದ್ದಿಲ್ಲದೆ ಹೋಗುತ್ತವೆ. ಮೊಳದಷ್ಟು ಆಳದ ಗುಂಡಿ, ನೂರರಷ್ಟು ಮೊಟ್ಟೆ, ಮೇಲೆ ಮರಳು. ಮುಂದೆ ಸುಮಾರು 45ರಿಂದ 60 ದಿನ ಕಾವು ಕೊಡುವುದು ಆ ಮರಳೇ. ಮರಿ ಗಂಡೋ ಹೆಣ್ಣೋ ಎಂಬುದೂ ಅದರ ಬಿಸಿಯಿಂದಲೇ ತೀರ್ಮಾನವಾಗುತ್ತದೆ.

ಮರಿಗಳು ಹೆಚ್ಚಾಗಿ ರಾತ್ರಿ ಹೊರಬರುತ್ತವೆ. ನೆಲದ ಕಡೆ ಗಾಳಿಮರಗಳ ಕಪ್ಪು, ಕಡಲ ಕಡೆ ಬಾನಂಚಿನ ತಿಳಿಬೆಳಕು. ಆ ಬೆಳಕು ಹಿಡಿದೇ ನೀರಿಗೆ ಹೋಗುತ್ತವೆ. ಹೈಮಾಸ್ಟ್ ಉರಿಯುತ್ತಿದ್ದರೆ ರಸ್ತೆಗೆ ಬರುತ್ತವೆ. ಆಮೇಲೆ ನಾಯಿ, ಬೆಳಗಾದರೆ ಕಾಗೆ, ಬಿಸಿಲು. ಋಷಿಕುಲ್ಯಾದಲ್ಲಿ ಊರ ದೀಪದತ್ತ ಹರಿದ ಮರಿಗಳನ್ನು ಊರವರೇ ಬಕೆಟ್ಟಿನಲ್ಲಿ ತುಂಬಿ ಕಡಲಿಗೆ ಬಿಟ್ಟಿದ್ದಾರೆ. ತಾಯಿ ಆಮೆಯೂ ಬೆಳಕಿರುವ ದಂಡೆಗೆ ಹತ್ತಲು ಹಿಂಜರಿಯುತ್ತದೆ.

ಮೊಟ್ಟೆ ತೆಗೆದು ಬೇರೆ ಕಡೆ ಹುಗಿದರಾಯಿತಲ್ಲ ಎಂದು ಗೆಳೆಯನೊಬ್ಬ ಕೇಳಿದ. ಅದು ಕೊನೆಯ ಉಪಾಯ. ಇಟ್ಟ ಕೆಲವೇ ಗಂಟೆಗಳೊಳಗೆ ಸಾಗಿಸಬೇಕು. ತಡವಾಗಿ ತೆಗೆದು ಮೇಲೆ ಕೆಳಗೆ ಮಾಡಿದರೆ ಒಳಗಿನ ಜೀವ ಸಾಯುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಮೀನುಗಾರರೂ ಅರಣ್ಯ ಇಲಾಖೆಯವರೂ ಗೂಡಿದ್ದಲ್ಲೇ ಬಲೆ ಕಟ್ಟಿ ಕಾಯುವುದುಂಟು. ಕಾನೂನೂ ಇದೆ: 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಈ ಆಮೆಯಿದೆ. ಆದರೆ ದೀಪ ಕೊಡುತ್ತಿರುವವರು ನಾವು, ಯೋಚಿಸಬೇಕಾದವರೂ ನಾವೇ.

ಹಾಗಾದರೆ ನಸುಕಿನಲ್ಲಿ ಮೀನುಬುಟ್ಟಿ ಹೊತ್ತು ಬಸ್ಸಿಗೆ ಹೋಗುವ ಹೆಂಗಸರಿಗೆ ಬೆಳಕು ಬೇಡವೇ? ಖಂಡಿತ ಬೇಕು. ನನ್ನ ಅಮ್ಮ ನಡೆದದ್ದೂ ಅದೇ ದಾರಿ. ಒಂದು ಎತ್ತರದ ಕಂಬದ ಬದಲು ದಾರಿಯುದ್ದಕ್ಕೂ ಗಿಡ್ಡ ಕಂಬ ಹಾಕೋಣ. ಹಳದಿ-ಕೆಂಪು ಬೆಳಕಿರಲಿ, ಅದು ಮರಿಗಳನ್ನು ಅಷ್ಟಾಗಿ ಸೆಳೆಯುವುದಿಲ್ಲ. ಕಡಲ ಬದಿಗೆ ತಗಡಿನ ಮರೆ ಕಟ್ಟೋಣ. ನಮ್ಮ ಕಸುಬಿನವರು ಎಲ್ಲದಕ್ಕೂ ಆ್ಯಪ್ ಮಾಡೋಣ ಅನ್ನುತ್ತಾರೆ. ಇದಕ್ಕೆ ಒಬ್ಬ ತಗಡಿನ ಕೆಲಸದವರು ಸಾಕು.

ಅಂದಾಜು ಖರ್ಚಿನ ಪಟ್ಟಿಯನ್ನು ಸಂಘದ ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಕಂಬದ ಗುಂಡಿ ಇನ್ನೂ ತೋಡಿಲ್ಲ.