ನಾಯ್ಸ್ ಹೋಗಲಿ, ಗರಿ ಉಳಿಯಲಿ: ಹಕ್ಕಿ ಫೋಟೋಗೆ ಯಾವ ಎಡಿಟಿಂಗ್ ದಾರಿ?

ಪುಣೆಯಲ್ಲಿ ಐಟಿ ಕೆಲಸ, ಶನಿವಾರ-ಭಾನುವಾರ ಹಕ್ಕಿ. ನನ್ನ ವಾರ ನಡೆಯೋದು ಹೀಗೆ, ನಿಮ್ಮಲ್ಲಿ ಬಹಳ ಜನರದ್ದೂ ಇದೇ ಕಥೆ ಇರಬೇಕು. ಕ್ಯಾಮೆರಾ ಹಿಡಿದ ಗೆಳೆಯರು ನನ್ನನ್ನ ಹೆಚ್ಚು ಕೇಳೋ ಪ್ರಶ್ನೆ ಒಂದೇ: ನಾಯ್ಸ್ ತೆಗೆಯೋಕೆ ಯಾವ ಸಾಫ್ಟ್‌ವೇರ್ ತಗೊಳ್ಳಲಿ? ನಾನು ತಿರುಗಿ ಕೇಳ್ತೀನಿ: ಫೋಟೋ ಎಲ್ಲಿಗೆ ಹೋಗುತ್ತೆ ಹೇಳಿ, ಆಮೇಲೆ ಸಾಫ್ಟ್‌ವೇರ್ ನೋಡೋಣ.

ಮೊದಲು ನಾಯ್ಸ್ ಯಾಕೆ ಬರುತ್ತೆ ಅಂತ ನೋಡಿ. ಭಿಗ್ವಣದ ಹಿನ್ನೀರಲ್ಲಿ ರಾಜಹಂಸ ತೆಗೆಯುವಾಗ ಬೆಳಕು ಬೇಕಾದಷ್ಟಿದೆ. ಸಿಂಹಗಡದ ಕಣಿವೆಯಲ್ಲಿ, ಬೆಳಗ್ಗೆ ಮರದ ನೆರಳಲ್ಲಿ ಹಾಗಿಲ್ಲ. ಬೆಳಕು ಸೆನ್ಸರ್ ಮೇಲೆ ಮಳೆಹನಿ ಥರ ಬೀಳುತ್ತೆ. ಹನಿ ಕಡಿಮೆಯಾದರೆ ನೆಲ ಅಲ್ಲಲ್ಲಿ ಒದ್ದೆ, ಅಲ್ಲಲ್ಲಿ ಒಣ. ಅದೇ ನಾಯ್ಸ್. ಬೆಳಕು ನಾಲ್ಕು ಪಟ್ಟಾದರೆ ಚಿತ್ರ ಎರಡು ಪಟ್ಟು ಶುಭ್ರ ಆಗುತ್ತೆ. ಸುಮ್ಮನೆ ಕೂತ ಹಕ್ಕಿಗೆ 1/2000 ಬದಲು 1/500 ಶಟರ್ ಇಟ್ಟರೆ ಐಎಸ್‌ಒ 6400ರಿಂದ 1600ಕ್ಕೆ ಇಳಿಯುತ್ತೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಐಎಸ್‌ಒಗೆ ಹೆದರಿ ಕತ್ತಲಾಗಿ ತೆಗೆದು, ಮನೆಗೆ ಬಂದು ಬೆಳಗಿಸೋದು ಮಾತ್ರ ಬೇಡ. ನೆರಳಲ್ಲಿರೋ ನಾಯ್ಸೆಲ್ಲ ಎದ್ದು ಬರುತ್ತೆ.

ಇನ್ನು ದಾರಿಗಳು. ನನ್ನ ಲೆಕ್ಕದಲ್ಲಿ ಮೂರು.

ಒಂದು, ಉಚಿತ ದಾರಿ: ಡಾರ್ಕ್‌ಟೇಬಲ್. ಇದರಲ್ಲಿ ಬಹಳಷ್ಟು ಕ್ಯಾಮೆರಾಗಳಿಗೆ, ಒಂದೊಂದು ಐಎಸ್‌ಒಗೂ ಅಳೆದಿಟ್ಟ ನಾಯ್ಸ್ ಪ್ರೊಫೈಲ್ ಇದೆ. ಕಲಿಯೋಕೆ ಸಮಯ ಬೇಕು, ಆದರೆ ಇಲ್ಲದ ಗರಿಯನ್ನ ಇದು ಬಿಡಿಸೋದಿಲ್ಲ.

ಎರಡು, ಲೈಟ್‌ರೂಮ್ ಒಳಗಿನ ಎಐ ಡಿನಾಯ್ಸ್. 2023ರಲ್ಲಿ ಬಂತು. ಈಗಾಗಲೇ ಲೈಟ್‌ರೂಮ್‌ಗೆ ತಿಂಗಳ ಚಂದಾ ಕಟ್ಟುವವರಿಗೆ ಬೇರೆ ಖರ್ಚಿಲ್ಲ. ಆದರೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಫೋಟೋಗೂ ಕೆಲವು ನಿಮಿಷ ಕಾಯಬೇಕು.

ಮೂರು, ಡಿಎಕ್ಸ್‌ಒ ಪ್ಯೂರ್‌ರಾ ಥರದ ಪ್ರತ್ಯೇಕ ಸಾಫ್ಟ್‌ವೇರ್. ರಾ ಫೈಲ್ ಕೊಟ್ಟರೆ ನಾಯ್ಸ್ ತೆಗೆದು ಡಿಎನ್‌ಜಿ ಫೈಲ್ ಮಾಡಿಕೊಡುತ್ತೆ, ಮುಂದಿನ ಎಡಿಟಿಂಗ್ ನಿಮ್ಮ ಮಾಮೂಲಿ ಜಾಗದಲ್ಲೇ. ಫೈಲ್‌ಗಳು ದೊಡ್ಡದಾಗುತ್ತವೆ, ಹಾರ್ಡ್ ಡಿಸ್ಕ್ ಬೇಗ ತುಂಬುತ್ತೆ.

ಯಾವ ದಾರಿ ಹಿಡಿದರೂ ಕ್ರಮ ಇದು. ಮೊದಲು ಆಯ್ಕೆ: 800 ಫೋಟೋ ತಂದರೆ 20 ಉಳಿಸಿ. ಆ 20ಕ್ಕೆ, ರಾ ಫೈಲ್ ಮೇಲೆಯೇ, ಒಂದೇ ಸಲ ನಾಯ್ಸ್ ತೆಗೆಯಿರಿ. ಆಮೇಲೆ ಬೆಳಕು, ಬಣ್ಣ, ಕ್ರಾಪ್. ಶಾರ್ಪ್ ಮಾಡೋದು ಕಟ್ಟಕಡೆಗೆ, ಅದೂ ಹಕ್ಕಿಗೆ ಮಾತ್ರ. ಹಿನ್ನೆಲೆಯನ್ನೂ ಶಾರ್ಪ್ ಮಾಡಿದರೆ ಹೊರಗೆ ಹಾಕಿದ ನಾಯ್ಸ್‌ನ ನಾವೇ ಒಳಗೆ ಕರೆದ ಹಾಗೆ. ಎಐ ಸ್ಲೈಡರ್ ನಾನು ಅರ್ಧದ ಆಸುಪಾಸಲ್ಲೇ ನಿಲ್ಲಿಸ್ತೀನಿ. ಸ್ವಲ್ಪ ಕಾಳು ಉಳಿದರೂ ಪರವಾಗಿಲ್ಲ, ಹಕ್ಕಿ ಪ್ಲಾಸ್ಟಿಕ್ ಬೊಂಬೆ ಆಗಬಾರದು.

ಈಗ ಮುಖ್ಯ ಮಾತಿಗೆ ಬರ್ತೀನಿ. ಚಳಿಗಾಲದಲ್ಲಿ ನಮ್ಮ ಕಡೆ ಬರೋ ಗ್ರೀನಿಶ್ ವಾರ್ಬ್ಲರ್ ನೋಡಿ. ಅಂಗೈಯಷ್ಟೂ ಇಲ್ಲದ ಹಸಿರು ಹಕ್ಕಿ. ರೆಕ್ಕೆ ಮೇಲೆ ಸಾಮಾನ್ಯವಾಗಿ ಒಂದೇ ಒಂದು ತೆಳು ಪಟ್ಟಿ. ಅದರ ಹತ್ತಿರದ ಸಂಬಂಧಿ ಗ್ರೀನ್ ವಾರ್ಬ್ಲರ್‌ನಿಂದ ಬೇರೆ ಮಾಡಬೇಕಾದರೆ ಆ ಪಟ್ಟಿ ಎಷ್ಟು ದಪ್ಪ, ಮೈ ಎಷ್ಟು ಹಳದಿ ಅಂತಲೇ ನೋಡಬೇಕು. ಡಿನಾಯ್ಸ್ ಜೋರಾದರೆ ಆ ಪಟ್ಟಿ ಅಳಿಸಿಹೋಗಬಹುದು. ಎಐ ಆದರೆ ಕಾಳನ್ನೇ ಗೆರೆ ಅಂತ ತಿಳಿದು ಇಲ್ಲದ ಪಟ್ಟಿ ಎಳೆಯಲೂಬಹುದು. ಇನ್‌ಸ್ಟಾಗ್ರಾಂನಲ್ಲಿ ಯಾರಿಗೂ ನಷ್ಟವಿಲ್ಲ. ಆದರೆ ಅದೇ ಫೋಟೋ ಇ-ಬರ್ಡ್‌ಗೆ ಹಾಕಿದರೆ ಅದು ದಾಖಲೆ. ಈ ಹಕ್ಕಿ ಈ ದಿನ ಈ ಜಾಗದಲ್ಲಿತ್ತು ಅನ್ನೋದಕ್ಕೆ ಸಾಕ್ಷಿ. ನಾಳೆ ಅದನ್ನ ನೋಡಿ ಕಲಿಯೋರು, ಲೆಕ್ಕ ಹಾಕೋರು ಇದ್ದಾರೆ.

ಹಾಗಾಗಿ ನನ್ನ ನಿಯಮ ಸರಳ. ದಾಖಲೆಗೆ ಹೋಗೋ ಫೋಟೋಗೆ ಕ್ರಾಪ್, ಬೆಳಕು, ಬೇಕಾದರೆ ಡಾರ್ಕ್‌ಟೇಬಲ್ ಪ್ರೊಫೈಲ್‌ನಲ್ಲಿ ಹಗುರವಾಗಿ ಒಂದು ಸಲ. ಕಾಳು ಕಂಡರೆ ಕಾಣಲಿ. ವಾಟ್ಸಾಪ್‌ಗೆ, ಇನ್‌ಸ್ಟಾಗ್ರಾಂಗೆ ಆದರೆ ಎಷ್ಟೋ ಸಲ ಡಿನಾಯ್ಸೇ ಬೇಡ, ಚಿತ್ರ ಚಿಕ್ಕದು ಮಾಡಿದಾಗ ನಾಯ್ಸ್ ಅರ್ಧ ತಾನೇ ಮರೆಯಾಗುತ್ತೆ. ಗೋಡೆಗೆ ಹಾಕೋ ದೊಡ್ಡ ಪ್ರಿಂಟ್‌ಗೆ ಎಐ ಬಳಸಿ, ಆದರೆ ಮೂಲ ರಾ ಫೈಲ್ ಅಳಿಸಬೇಡಿ.

ದುಡ್ಡು ಹಾಕೋ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಹತ್ತಿರ ಇರೋ ಅತಿ ಹೆಚ್ಚು ಐಎಸ್‌ಒದ ಒಂದು ಫೋಟೋ ತಗೊಂಡು, ಈ ಮೂರರ ಟ್ರಯಲ್‌ನಲ್ಲೂ ಓಡಿಸಿ, ಶೇಕಡಾ 100ಕ್ಕೆ ಹಿಗ್ಗಿಸಿ ಕಣ್ಣಿನ ಸುತ್ತಲಿನ ಗರಿ ಮೂಲದ ಜೊತೆ ಹೋಲಿಸಿ. ಮೂಲದಲ್ಲಿ ಇಲ್ಲದ್ದು ಏನಾದರೂ ಕಂಡರೆ ಸ್ಲೈಡರ್ ಇಳಿಸಿ. ಏನು ಕಂಡಿತು ಅಂತ ಕೆಳಗೆ ಬರೆದು ತಿಳಿಸಿ.