ಕಾಣದ ಸೋರಿಕೆ

ಸೋರುವುದಕ್ಕೆ ಕನ್ನಡದಲ್ಲಿ ಮಾತುಗಳ ಬಡತನವಿಲ್ಲ. ಮಾಡು ಸೋರುತ್ತದೆ, ನಲ್ಲಿ ತೊಟ್ಟಿಕ್ಕುತ್ತದೆ, ಬಂಡೆಯ ಸಂದಿನಲ್ಲಿ ನೀರು ಒಸರುತ್ತದೆ, ಗಾಯದಿಂದ ರಕ್ತ ಜಿನುಗುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ ದ್ರವಗಳ ಮಾತಾಯಿತು. ಬಣ್ಣವಿಲ್ಲದ, ಮೂಗಿಗೂ ಸುಲಭವಾಗಿ ಸಿಕ್ಕದ ಅನಿಲವೊಂದು ಕೂದಲೆಳೆಯಂಥ ಬಿರುಕಿನಿಂದ ತಿಂಗಳುಗಟ್ಟಲೆ ಹೊರಹೋಗುತ್ತಿದ್ದರೆ ಅದನ್ನು ಪತ್ತೆಹಚ್ಚುವುದು ಹೇಗೆ? ಕಾರಿನ ಹವಾನಿಯಂತ್ರಣ ವ್ಯವಸ್ಥೆಯ ಶೀತಕಾನಿಲದ ಸೋರಿಕೆ ಇಂಥದು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ; ಕೆಲಸ ಬಲ್ಲವರ ಪಕ್ಕದಲ್ಲಿ ನಿಂತು ನೋಡಿದ್ದು, ಕೇಳಿ ಓದಿ ತಿಳಿದದ್ದು, ಇವುಗಳ ಬಲದಿಂದ ನಾಲ್ಕು ಮಾತು ಹೇಳಬಯಸುತ್ತೇನೆ.

ಬೇಸಗೆ ಬಂದು ತಂಪು ತಗ್ಗಿತೆಂದರೆ “ಗ್ಯಾಸ್ ಮುಗಿದಿದೆ, ತುಂಬಿಸಬೇಕು” ಎಂಬ ಮಾತು ರೂಢಿಯಾಗಿದೆ. ಪೆಟ್ರೋಲು ಉರಿದು ಮುಗಿಯುತ್ತದೆ. ಶೀತಕಾನಿಲ ಹಾಗೆ ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳ ದಾರಿಯಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ; ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ತನ್ನ ಬಿಸಿಯನ್ನು ಹೊರಗಾಳಿಗೆ ಕೊಟ್ಟು ದ್ರವವಾಗುತ್ತದೆ; ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನಲ್ಲಿ ಕಾರಿನೊಳಗಿನ ಬಿಸಿಯನ್ನು ಹೀರಿ ಮತ್ತೆ ಆವಿಯಾಗುತ್ತದೆ. ಸಣ್ಣ ಕಾರೊಂದರಲ್ಲಿ ಅದರ ತೂಕ ಅರ್ಧ ಕಿಲೋಗ್ರಾಮಿನ ಆಸುಪಾಸು. ರಬ್ಬರಿನ ಕೊಳವೆಗಳ ಮೂಲಕ ವರ್ಷವರ್ಷವೂ ತೃಣಮಾತ್ರ ಹೋಗುವುದುಂಟು. ಆದರೆ ತುಂಬಿಸಿದ ವರ್ಷದೊಳಗೇ ಅನಿಲ ಇಳಿದಿದ್ದರೆ ಎಲ್ಲಿಯೋ ದಾರಿ ತೆರೆದಿದೆಯೆಂದೇ ಅರ್ಥ.

ನಮ್ಮ ಬೀದಿಯ ಮಿತ್ರರೊಬ್ಬರು ಎರಡು ಬೇಸಗೆ ಒಂದೇ ಕಾರಿಗೆ ಅನಿಲ ತುಂಬಿಸಿದರು. ತುಂಬಿದವರು ಸೋರುವ ಎಡೆಯನ್ನು ಹುಡುಕಲಿಲ್ಲ. ಮೂರನೆಯ ಬೇಸಗೆಯಲ್ಲಿ ಬೇರೊಬ್ಬ ಮೆಕ್ಯಾನಿಕ್ ಟಾರ್ಚ್ ಹಿಡಿದು ಕೊಳವೆಗಳನ್ನು ಒಂದೊಂದಾಗಿ ನೋಡತೊಡಗಿದರು. ಏನು ನೋಡುತ್ತಿದ್ದೀರಿ ಎಂದು ಕೇಳಿದೆ. “ಎಣ್ಣೆ ಜಿಡ್ಡು ಸಾರ್” ಎಂದರು. ಕಂಪ್ರೆಸರಿನ ಎಣ್ಣೆ ಅನಿಲದ ಜೊತೆಯಲ್ಲೇ ಸಂಚರಿಸುತ್ತದೆ. ಬಿರುಕಿನ ಬಳಿ ಅನಿಲ ಹಾರಿಹೋಗುತ್ತದೆ, ಎಣ್ಣೆ ಹೊರಗೆ ಜಿನುಗಿ ನಿಲ್ಲುತ್ತದೆ, ಅದಕ್ಕೆ ಧೂಳು ಅಂಟುತ್ತದೆ. ಕೊಳವೆಯೊಂದರ ಕೀಲಿನಲ್ಲಿ ಅಂಥ ಕಪ್ಪು ಕಲೆ ಕಂಡಿತು. ಒರೆಸಿ, ಸೋಪಿನ ನೀರು ಸವರಿದಾಗ ಸಾಸಿವೆ ಕಾಳಿನಷ್ಟು ಗುಳ್ಳೆ ನಿಧಾನವಾಗಿ ಎದ್ದಿತು. ಒಳಗಿನ ರಬ್ಬರ್ ಬಳೆ ಗಡುಸಾಗಿ ಸೀಳಿತ್ತು. ಹೋಗಬೇಕಾದದ್ದು ಅದೊಂದೇ.

ಎಲ್ಲ ಸೋರಿಕೆಯೂ ಇಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಅತಿ ಸೂಕ್ಷ್ಮವಾದುದಕ್ಕೆ ಅನಿಲದ ಸುಳಿವು ಸಿಕ್ಕೊಡನೆ ಸದ್ದುಮಾಡುವ ವಿದ್ಯುನ್ಮಾನ ಶೋಧಕವಿದೆ. ಎಂಜಿನ್ ನಿಲ್ಲಿಸಿ, ಗಾಳಿ ಬೀಸದ ಕಡೆಯಲ್ಲಿ, ಅದರ ಮೊನೆಯನ್ನು ಕೀಲುಗಳ ಕೆಳಭಾಗದಲ್ಲಿ ಮೆಲ್ಲಗೆ ಆಡಿಸಬೇಕು. ಏಕೆಂದರೆ ಈ ಅನಿಲ ಗಾಳಿಗಿಂತ ಭಾರ, ಕೆಳಕ್ಕೆ ಇಳಿಯುತ್ತದೆ. ಡ್ಯಾಶ್‌ಬೋರ್ಡನ್ನು ಬಿಚ್ಚದೆ ಕಾಯಿಲನ್ನು ಪರೀಕ್ಷಿಸಲು ಅದರ ನೀರು ಹೊರಬೀಳುವ ಕೊಳವೆಯ ಬಾಯಲ್ಲಿ ಹಿಡಿದು ನೋಡುತ್ತಾರೆ. ಇನ್ನೊಂದು ಕ್ರಮದಲ್ಲಿ ಎಣ್ಣೆಯೊಡನೆ ಬಣ್ಣವೊಂದನ್ನು ಸೇರಿಸಿ, ಕೆಲವು ದಿನ ಕಾರನ್ನು ಓಡಿಸಿ, ಅತಿನೇರಳೆ ದೀಪ ಹಿಡಿಯುತ್ತಾರೆ. ಸೋರಿದೆಡೆ ಹಳದಿ ಮಿಶ್ರಿತ ಹಸುರಾಗಿ ಹೊಳೆಯುತ್ತದೆ.

ನಿರ್ವಾತ ಮಾಡಿ ಮುಳ್ಳು ಕದಲುವುದೇ ಎಂದು ನೋಡುವುದೂ ಒಂದು ಪರೀಕ್ಷೆ, ಅದನ್ನೇ ನೆಚ್ಚಲಾಗದು. ನಿರ್ವಾತದಲ್ಲಿ ಹೊರಗಿನಿಂದ ಒಳಕ್ಕೆ ಬೀಳುವ ಒತ್ತಡ ಹೆಚ್ಚೆಂದರೆ ಒಂದು ವಾಯುಮಂಡಲದಷ್ಟು. ಯಂತ್ರ ನಡೆಯುವಾಗ ಕಂಡೆನ್ಸರಿನ ಕಡೆ ಒಳಗಿನಿಂದ ಹೊರಕ್ಕೆ ಅದರ ಹತ್ತಾರು ಪಟ್ಟು ಬೀಳುತ್ತದೆ. ಆದ್ದರಿಂದ ಬಲ್ಲವರು ಒಣ ಸಾರಜನಕವನ್ನು ಅಳತೆಯ ಒತ್ತಡದಲ್ಲಿ ತುಂಬಿ ನೋಡುತ್ತಾರೆ. ಆಮ್ಲಜನಕವನ್ನಂತೂ ತುಂಬಲೇಬಾರದು; ಎಣ್ಣೆಯೊಡನೆ ಕೂಡಿದರೆ ಸ್ಫೋಟದ ಭಯವಿದೆ.

ಹಿಂದೆ ಸೋರಿಕೆಯನ್ನು ಬೆಂಕಿಯಿಂದಲೇ ಹುಡುಕುತ್ತಿದ್ದರು. ಕಾದ ತಾಮ್ರದ ಮೇಲೆ ಆರ್-12 ಎಂಬ ಅನಿಲ ಸೋಕಿದರೆ, ಅದರಲ್ಲಿದ್ದ ಕ್ಲೋರಿನ್‌ನಿಂದಾಗಿ ಜ್ವಾಲೆ ಹಸುರಾಗುತ್ತಿತ್ತು. ಆ ಕ್ಲೋರಿನ್ನೇ ಓಜೋನ್ ಪದರವನ್ನು ಕೆಡಿಸಬಲ್ಲದೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ತೋರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಬಳಿಕ ಕಾರುಗಳಿಗೆ ಬಂದ ಆರ್-134ಎ ಅನಿಲದಲ್ಲಿ ಕ್ಲೋರಿನ್ ಇಲ್ಲ. ಹಸುರು ಜ್ವಾಲೆಯೂ ಇಲ್ಲ. ಅದು ಓಜೋನನ್ನು ಕೆಡಿಸದಿದ್ದರೂ, ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಪ್ರಬಲ. ಅರ್ಧ ಕಿಲೋ ಅನಿಲ ಸೋರಿದರೆ 700 ಕಿಲೋ ಇಂಗಾಲದ ಡೈಆಕ್ಸೈಡನ್ನು ಆಕಾಶಕ್ಕೆ ಬಿಟ್ಟಂತೆ. ನಮ್ಮ ಕಾರಿನೊಳಗಣ ತಂಪಿಗಾಗಿ ಹೊರಗಿರುವವರ ಬೇಸಗೆಯನ್ನು ಇನ್ನಷ್ಟು ಕಾಯಿಸುವ ಹಕ್ಕು ನಮಗೆಲ್ಲಿದೆ?

ತುಂಬುವ ಕೆಲಸ ಬೇಗ ಮುಗಿಯುತ್ತದೆ, ಫಲ ಕೂಡಲೇ ಕಾಣುತ್ತದೆ. ಹುಡುಕುವ ಕೆಲಸ ತಡ, ಅದರ ಕೂಲಿಯನ್ನು ಕೊಡಲು ನಮಗೆ ಕೈ ಹಿಂಜರಿಯುತ್ತದೆ. ತಪ್ಪನ್ನೆಲ್ಲ ಮೆಕ್ಯಾನಿಕ್‌ನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವನ ಆತುರದಲ್ಲಿ ನಮ್ಮ ಆತುರವೂ ಸೇರಿದೆ. ಉಳಿದ ಅನಿಲವನ್ನು ಗಾಳಿಗೆ ಬಿಡದೆ ಯಂತ್ರದಿಂದ ಹಿಂತೆಗೆಯುವಂತೆ, ಒಂದು ಸೋರಿಕೆ ಸಿಕ್ಕಿದ ಮೇಲೂ ಇನ್ನೊಂದು ಇಲ್ಲವೆಂದು ಮತ್ತೆ ಪರೀಕ್ಷಿಸುವಂತೆ ಹೇಳುವುದು ಕಾರಿನ ಒಡೆಯರ ಹೊಣೆ. ಎಷ್ಟು ತುಂಬಿದಿರಿ ಎಂದು ಕೇಳುವುದಕ್ಕೆ ಮುನ್ನ, ಎಲ್ಲಿ ಸೋರುತ್ತಿತ್ತು ಎಂದು ಕೇಳಿರಿ. ಉತ್ತರ ಬರುವತನಕ ಕಾಯಿರಿ.